ಉಪರಾಷ್ಟ್ರಪತಿ ಆಯ್ಕೆ: ಸಂಖ್ಯಾಬಲವೊಂದೇ ಮಾನದಂಡವೇ?

ಉಪರಾಷ್ಟ್ರಪತಿ ಹುದ್ದೆಯನ್ನು ಕೇವಲ ಆಲಂಕಾರಿಕವೆಂದು ಭಾವಿಸುವವರಿದ್ದಾರೆ. ಆದರೆ ಅವರು ರಾಜ್ಯಸಭೆಯ ಪದನಿಮಿತ್ತ ಸಭಾಪತಿ. ಸದನದಲ್ಲಿ ವಿರೋಧ ಪಕ್ಷದ ಮಾತಿಗೆ ಅವಕಾಶ ಸಿಗುವುದೂ ಸಿಗದಿರುವುದೂ ಅವರ ನ್ಯಾಯಬುದ್ಧಿಯನ್ನು ಅವಲಂಬಿಸಿದೆ. ಆದ್ದರಿಂದ ಅವರನ್ನು ಆರಿಸುವ ವಿಧಾನ ನಮ್ಮೆಲ್ಲರ ಕಾಳಜಿಯ ವಿಷಯವಾಗಬೇಕು.

ಸಂವಿಧಾನದ 66ನೇ ವಿಧಿಯ ಪ್ರಕಾರ ಸಂಸತ್ತಿನ ಉಭಯ ಸದನಗಳ ಸದಸ್ಯರು, ನಾಮಕರಣಗೊಂಡವರೂ ಸೇರಿ, ಗುಪ್ತ ಮತದಾನದ ಮೂಲಕ ಉಪರಾಷ್ಟ್ರಪತಿಯನ್ನು ಆರಿಸುತ್ತಾರೆ. ರಾಷ್ಟ್ರಪತಿ ಚುನಾವಣೆಯಲ್ಲಿ ಮತ ಚಲಾಯಿಸುವ ಶಾಸಕರಿಗೆ ಇಲ್ಲಿ ಆ ಹಕ್ಕಿಲ್ಲ. ರಾಜ್ಯಗಳನ್ನು ಪ್ರತಿನಿಧಿಸುವ ಸದನದ ಸಭಾಪತಿಯ ಆಯ್ಕೆಯಲ್ಲಿ ರಾಜ್ಯಗಳ ವಿಧಾನಸಭೆಗಳಿಗೆ ನೇರ ಪಾತ್ರವಿಲ್ಲದಿರುವುದು ವಿಪರ್ಯಾಸವೇ ಸರಿ. ಹೀಗಾಗಿ ಸಂಸತ್ತಿನಲ್ಲಿ ಬಹುಮತವುಳ್ಳ ಕೂಟದ ಅಭ್ಯರ್ಥಿಯ ಗೆಲುವು ಬಹುತೇಕ ಮೊದಲೇ ನಿಶ್ಚಿತ.

ಜಗದೀಪ್ ಧನಕರ್ 2025ರ ಜುಲೈಯಲ್ಲಿ ಅವಧಿಗೆ ಮುನ್ನವೇ ರಾಜೀನಾಮೆ ನೀಡಿದರು. ಸೆಪ್ಟೆಂಬರ್ 9ರ ಚುನಾವಣೆಯಲ್ಲಿ ಸಿ.ಪಿ. ರಾಧಾಕೃಷ್ಣನ್ 452 ಮತ ಪಡೆದು ಗೆದ್ದರು. ನಿವೃತ್ತ ನ್ಯಾಯಮೂರ್ತಿ ಬಿ. ಸುದರ್ಶನ ರೆಡ್ಡಿಯವರಿಗೆ 300 ಮತಗಳು ಬಂದವು. ಚಲಾವಣೆಯಾದ 767ರಲ್ಲಿ 15 ಮತಗಳು ಅಸಿಂಧು! ದೇಶಕ್ಕೆ ಕಾನೂನು ರಚಿಸುವವರಿಗೆ ಮತಪತ್ರ ತುಂಬಲು ಬಾರದೇ? ಅಥವಾ ಅದು ಉದ್ದೇಶಪೂರ್ವಕವೇ? ಗುಪ್ತ ಮತದಾನ ಉತ್ತರ ಹೇಳದು.

1979ರಲ್ಲಿ, ಸುಪ್ರೀಂ ಕೋರ್ಟಿನ ಮುಖ್ಯ ನ್ಯಾಯಮೂರ್ತಿಯಾಗಿದ್ದ ಎಂ. ಹಿದಾಯತುಲ್ಲಾ ಅವಿರೋಧವಾಗಿ ಆಯ್ಕೆಯಾಗಿದ್ದರು. ಅಂಥ ಸಹಮತ ಇಂದೂ ಅಸಾಧ್ಯವಲ್ಲ. ಹೆಸರು ಘೋಷಿಸುವ ಮುನ್ನ ಆಳುವವರು ವಿರೋಧ ಪಕ್ಷಗಳೊಂದಿಗೆ ಸಮಾಲೋಚಿಸಲು ಯಾವ ತಿದ್ದುಪಡಿಯೂ ಬೇಕಿಲ್ಲ, ಮನಸ್ಸಿದ್ದರೆ ಸಾಕು. ಸಭಾಪತಿಯ ಪೀಠ ಗೆದ್ದವರ ಸ್ವತ್ತಲ್ಲ, ಇಡೀ ಸದನದ್ದು ಎಂಬುದನ್ನು ನಾವು ನೆನಪಿಸಬಯಸುತ್ತೇವೆ.