ಅವ್ವನ ಕೈ ಮುಟ್ಟಬೇಕಾದವರು ಯಾರು?

ಸ್ವಲ್ಪ ಉದ್ದ ಇದೆ, ತಾಳ್ಮೆಯಿಂದ ಓದಿ.

ನಮ್ಮವ್ವ ಇಪ್ಪತ್ತಾರು ವರ್ಷ ಪೌರಕಾರ್ಮಿಕಳಾಗಿ ಬೀದಿ ಗುಡಿಸಿದವಳು. ಹೋದ ವರ್ಷ ಲಕ್ವ ಹೊಡೆದು ಬಲಗೈ, ಬಲಗಾಲು ಬಿದ್ದುಹೋಯ್ತು. ಆಸ್ಪತ್ರೆಯಿಂದ ಕಳಿಸುವಾಗ ಡಾಕ್ಟರು "ಮೊದಲ ಮೂರ್ನಾಲ್ಕು ತಿಂಗಳು ಬಹಳ ಮುಖ್ಯ, ಫಿಸಿಯೋಥೆರಪಿ ಬಿಡಬೇಡಿ" ಅಂದರು. ಸಾಲ ಮಾಡಿ ಒಂದು ಖಾಸಗಿ ಸೆಂಟರಿಗೆ ಸೇರಿಸಿದೆ. ದಿನಕ್ಕೆ ನಾನೂರು ರೂಪಾಯಿ. ಬೋರ್ಡಿನ ಮೇಲೆ ಡಿಗ್ರಿ ಸಮೇತ ದೊಡ್ಡ ಹೆಸರು.

ಮೊದಲ ದಿನ ಆ ಥೆರಪಿಸ್ಟ್ ಅವ್ವನ ಭುಜ, ಮೊಣಕೈ ಹಿಡಿದು ಚೆನ್ನಾಗೇ ನೋಡಿದರು. ಆಮೇಲೆ ಫಾರ್ಮ್ ತುಂಬುವಾಗ ಅವ್ವ ನಮ್ಮ ಕಾಲೋನಿ ಹೆಸರು, ತಾನು ಮಾಡ್ತಿದ್ದ ಕೆಲಸ ಎರಡೂ ಹೇಳಿದಳು. ಮುಚ್ಚಿಡೋ ಅಭ್ಯಾಸ ಅವಳಿಗಿಲ್ಲ. ಮಾರನೇ ದಿನದಿಂದ ಅವರು ಅವ್ವನ ಮಂಚದ ಹತ್ತಿರ ಸುಳಿಯಲಿಲ್ಲ. ಒಬ್ಬ ಹುಡುಗ ಬಂದು ಕರೆಂಟ್ ಮೆಷಿನ್ ಹಚ್ಚೋನು, ಕೈ ಎತ್ತಿ ಇಳಿಸೋನು. ಪಕ್ಕದ ಮಂಚದವರ ಮೊಣಕಾಲನ್ನು ಮಾತ್ರ ಅವರೇ ಕೂತು ಬಗ್ಗಿಸ್ತಿದ್ದರು.

ಹನ್ನೊಂದನೇ ದಿನ ಹುಡುಗ ಆ ಬಿದ್ದ ಕೈಯನ್ನು ತಲೆ ಮೇಲಕ್ಕೆ ಜಗ್ಗಿದ. ಅವ್ವ ಕಿರುಚಿಕೊಂಡಳು. ಲಕ್ವ ಆದವರ ಭುಜದ ಕೀಲು ಸಡಿಲ ಇರುತ್ತೆ, ಜಗ್ಗಬಾರದು ಅಂತ ಆಮೇಲೆ ಗೊತ್ತಾಯ್ತು. ಹುಡುಗನನ್ನು ಕೇಳಿದರೆ ಪಿಯುಸಿ ಫೇಲು, ಇಲ್ಲೇ ನೋಡಿ ಕಲಿತದ್ದು ಅಂದ. ಅವನೂ ನಮ್ಮ ಕೇರಿಯವನಂಥವನೇ, ಎಂಟು ಸಾವಿರಕ್ಕೆ ದುಡಿಯೋನು. ನಮ್ಮ ಮೈಯನ್ನು ನಮ್ಮವನ ಕೈಗೇ ಬಿಟ್ಟಿದ್ದರು!

ಇದು ಜಾತಿಯೇನಾ? ಸಾಬೀತು ಮಾಡು ಅಂದ್ರೆ ನನ್ನ ಹತ್ರ ಸಾಕ್ಷಿ ಇಲ್ಲ. "ಕೇಸು ಜಾಸ್ತಿ ಸಾರ್, ಎಲ್ಲ ನನ್ನ ಸೂಪರ್‌ವಿಷನ್‌ನಲ್ಲೇ ನಡೆಯೋದು" ಅಂದರು. ಮುಟ್ಟುವುದೇ ಔಷಧಿಯಾಗಿರುವ ಒಂದು ವೃತ್ತಿಯಲ್ಲಿ, ಮುಟ್ಟದೆ ಇರಲಿಕ್ಕೆ ಆ ಒಂದು ಪದ ಸಾಕು. ಆಸ್ಪತ್ರೆಯಲ್ಲಿ ಅಸ್ಪೃಶ್ಯತೆಯಿಂದ ಭೇದ ಮಾಡಿದರೆ 1955ರ ನಾಗರಿಕ ಹಕ್ಕುಗಳ ಸಂರಕ್ಷಣಾ ಕಾಯ್ದೆಯ 5ನೇ ಸೆಕ್ಷನ್ ಪ್ರಕಾರ ಅಪರಾಧ. ಆದರೆ "ಹುಡುಗನಿಗೆ ಒಪ್ಪಿಸಿದ್ದೆ" ಅನ್ನುವವರನ್ನು ಹಿಡಿಯೋದು ಹೇಗೆ?

ಅದಕ್ಕೇ ಲೈಸೆನ್ಸು, ಮೇಲ್ವಿಚಾರಣೆಯ ನಿಯಮ ನಮ್ಮ ವಿಷಯ ಅಂತ ನಾನು ಹೇಳೋದು. 2021ರವರೆಗೆ ಫಿಸಿಯೋಥೆರಪಿಗೆ ಇಡೀ ದೇಶಕ್ಕೆ ಅನ್ವಯಿಸುವ ಕಾನೂನೇ ಇರಲಿಲ್ಲ. ದೆಹಲಿ, ಮಹಾರಾಷ್ಟ್ರದಂಥ ಕೆಲವು ಕಡೆ ರಾಜ್ಯದ ಕೌನ್ಸಿಲ್ ಇತ್ತು ಅಷ್ಟೇ. ಆ ವರ್ಷ ಅಲೈಡ್ ಅಂಡ್ ಹೆಲ್ತ್‌ಕೇರ್ ಪ್ರೊಫೆಷನ್ಸ್ ಆಯೋಗದ ಕಾಯ್ದೆ ಬಂತು. ರಾಜ್ಯಗಳು ಆರು ತಿಂಗಳಲ್ಲಿ ಕೌನ್ಸಿಲ್ ಮಾಡಬೇಕಿತ್ತು. ಎಷ್ಟೋ ರಾಜ್ಯ ಮಾಡಲಿಲ್ಲ, 2024ರ ಆಗಸ್ಟಿನಲ್ಲಿ ಸುಪ್ರೀಂ ಕೋರ್ಟ್ ಎರಡು ತಿಂಗಳ ಗಡುವು ಕೊಡಬೇಕಾಯ್ತು. ಇನ್ನು 2025ರ ಸೆಪ್ಟೆಂಬರಿನ ಜಗಳ ನೋಡಿ: ಫಿಸಿಯೋಥೆರಪಿಸ್ಟರು ಹೆಸರಿನ ಮುಂದೆ 'ಡಾ.' ಹಾಕಬಾರದು ಅಂತ ಕೇಂದ್ರದ ಆರೋಗ್ಯ ಸೇವೆಗಳ ಮಹಾನಿರ್ದೇಶನಾಲಯ ಪತ್ರ ಬರೆದು, ಮರುದಿನವೇ ವಾಪಸ್ ತಗೊಂಡಿತು. ಹೆಸರಿಗೆ ಇಷ್ಟು ಹೊಡೆದಾಟ. ಮಂಚದ ಹತ್ತಿರ ಯಾರು ನಿಲ್ಲಬೇಕು ಅನ್ನೋದಕ್ಕೆ ಯಾರೂ ಹೊಡೆದಾಡಲಿಲ್ಲ.

ನಮ್ಮ ಕೆಲವು ಸಂಗಾತಿಗಳು "ಲೈಸೆನ್ಸ್ ಅಂದ್ರೆ ಮೇಲ್ಜಾತಿಯವರ ಬೇಲಿ, ನಮ್ಮ ನಾಟಿ ವೈದ್ಯರನ್ನು ಓಡಿಸ್ತಾರೆ" ಅಂತಾರೆ. ಅರ್ಧ ಒಪ್ತೀನಿ. ಆದರೆ ಊರಿನ ಮೂಳೆ ಕಟ್ಟುವ ಅಜ್ಜ ತನ್ನ ಕೈಯಿಂದಲೇ ಕಟ್ತಾನೆ, ತಪ್ಪಾದರೆ ಅವನ ಜಗಲಿಗೆ ಹೋಗಿ ಕೇಳಬಹುದು. ಬೋರ್ಡು ಒಬ್ಬರದು, ಕೈ ಇನ್ನೊಬ್ಬರದು ಅನ್ನೋ ವ್ಯಾಪಾರ ಬೇರೆ. ಸ್ಕಾಲರ್‌ಶಿಪ್ಪಿನಲ್ಲಿ ಬಿಪಿಟಿ ಓದಿದ ನಮ್ಮ ಮಕ್ಕಳಿಗೆ ಕೆಲಸ ಸಿಗದಂತೆ ಮಾಡೋದೂ ಇದೇ. ಎಂಟು ಸಾವಿರದ ಹುಡುಗ ಇರುವಾಗ ಅವರು ಯಾಕೆ ಬೇಕು?

ಹಾಗಂತ ಡಾಕ್ಟರ ಚೀಟಿ ಇಲ್ಲದೆ ಫಿಸಿಯೋ ಮುಟ್ಟಲೇಬಾರದು ಅನ್ನೋ ವಾದವನ್ನೂ ಒಪ್ಪಲ್ಲ. ನಮ್ಮವರಿಗೆ ಅದು ಎರಡು ಫೀಸು, ಎರಡು ದಿನದ ಕೂಲಿ. ನಾನು ಕೇಳೋದು ಚಿಕ್ಕದು: ಪ್ರತಿ ದಿನದ ಕಾರ್ಡಿನಲ್ಲಿ ಚಿಕಿತ್ಸೆ ಕೊಟ್ಟವರ ಹೆಸರು, ನೋಂದಣಿ ಸಂಖ್ಯೆ, ಸಹಿ. ಸಹಾಯಕ ಏನು ಮಾಡಬಹುದು, ಏನು ಮಾಡಬಾರದು ಅನ್ನೋದು ಗೋಡೆ ಮೇಲೆ ಕನ್ನಡದಲ್ಲಿ. ಜೊತೆಗೆ ಪ್ರತಿ ತಾಲ್ಲೂಕು ಆಸ್ಪತ್ರೆಗೆ ಕಾಯಂ ಫಿಸಿಯೋಥೆರಪಿಸ್ಟ್, ಇಲ್ಲದಿದ್ದರೆ ನಾವು ಮತ್ತೆ ಅದೇ ಬೋರ್ಡಿನ ಕೆಳಗೆ ಹೋಗಿ ನಿಲ್ಲಬೇಕು.

ಕೆಪಿಎಂಇ ಕಾಯ್ದೆಯಡಿ ಡಿಸಿ ಅಧ್ಯಕ್ಷತೆಯ ಜಿಲ್ಲಾ ಪ್ರಾಧಿಕಾರಕ್ಕೆ ದೂರು ಕೊಟ್ಟಿದ್ದೀನಿ. ಇನ್‌ವರ್ಡ್ ನಂಬರ್ ಹಾಕಿಸಿಕೊಂಡೇ ಬಂದೆ, ಗುಮಾಸ್ತ ಬುದ್ಧಿ. ನಿಮ್ಮ ಮನೆಯಲ್ಲೂ ಹೀಗೆ ಆಗಿದ್ದರೆ ತಾರೀಖು, ರಸೀದಿ ಫೋಟೋ ಇನ್‌ಬಾಕ್ಸಿಗೆ ಕಳಿಸಿ. ಒಂದು ಅರ್ಜಿಯನ್ನು ಕಪಾಟಿಗೆ ಹಾಕ್ತಾರೆ, ನಲವತ್ತನ್ನು ಹಾಕಲಿಕ್ಕೆ ಜಾಗ ಸಾಲಲ್ಲ.

ಜೈಭೀಮ್.