ಬಾರದ ಸಮನ್ಸು, ಬಂದ ತೀರ್ಪು

ಬಾಡಿಗೆಮನೆಯವರ ಪಾಡು ಎಲ್ಲಾ ಕಡೆ ಒಂದೇ ನೋಡಿ. ನಾವು ಗಂಟುಮೂಟೆ ಕಟ್ಟಿ ಮೌಂಟ್ ಆಲ್ಬರ್ಟ್‌ಗೆ ಬಂದಿರ್ತೀವಿ, ನಮ್ಮ ಹೆಸರಿನ ಕಾಗದಗಳು ಮಾತ್ರ ಇನ್ನೂ ಹಳೇ ಮನೆಯ ಅಂಚೆ ಡಬ್ಬಿಗೇ ಬೀಳ್ತಿರುತ್ತವೆ. ಅದರಲ್ಲೊಂದು ಕೋರ್ಟಿನ ಕಾಗದವಾದರೆ? ಇಲ್ಲಿನ ಗೆಳೆಯರೊಬ್ಬರಿಗೆ ಹಾಗೇ ಆಯ್ತು. ಯಾವುದೋ ಹಳೇ ಬಾಕಿಯ ಮೇಲೆ ತೀರ್ಪಾಗಿದೆ ಅಂತ ಅವರಿಗೆ ಗೊತ್ತಾಗಿದ್ದೇ ಸಂಬಳದಲ್ಲಿ ದುಡ್ಡು ಕಡಿತವಾದಾಗ!

ನ್ಯೂಜಿಲೆಂಡಿನ ಜಿಲ್ಲಾ ನ್ಯಾಯಾಲಯದಲ್ಲಿ ದಾವೆಯ ಕಾಗದ ಕೈಸೇರಿದ ಮೇಲೆ ಉತ್ತರ ಕೊಡೋಕೆ 25 ಕೆಲಸದ ದಿನಗಳಿರುತ್ತವೆ. ಸುಮ್ಮನಿದ್ದರೆ ಎದುರಿನವರು ಏಕಪಕ್ಷೀಯ ತೀರ್ಪು ಪಡೀಬಹುದು. ಆದರೆ ಅನ್ಯಾಯ ಆಗಿರಬಹುದು ಅನ್ನಿಸಿದರೆ ಅದನ್ನು ರದ್ದು ಮಾಡೋ ಅಧಿಕಾರ ಅದೇ ಕೋರ್ಟಿಗಿದೆ. ಅರ್ಜಿ ಬಂದಾಗ ಏನೇನು ನೋಡಬೇಕು ಅನ್ನೋದಕ್ಕೆ ರಸೆಲ್ ವಿರುದ್ಧ ಕಾಕ್ಸ್ ಅನ್ನೋ 1983ರ ತೀರ್ಪನ್ನು ಉದಾಹರಿಸ್ತಾರೆ: ನಿಮ್ಮ ವಾದದಲ್ಲಿ ಹುರುಳಿದೆಯಾ, ಹಾಜರಾಗದ್ದಕ್ಕೆ ಸರಿಯಾದ ಕಾರಣ ಇದೆಯಾ, ರದ್ದು ಮಾಡಿದರೆ ಎದುರಿನವರಿಗೆ ತುಂಬಲಾಗದ ನಷ್ಟವಾಗುತ್ತಾ? ಕಾಗದ ಕೈಸೇರಿಯೇ ಇರಲಿಲ್ಲ ಅಂತ ಸಾಬೀತಾದರಂತೂ ನಿಮ್ಮ ಪಕ್ಷ ಇನ್ನೂ ಬಲ.

ಊರಲ್ಲೂ ಇದೇ ಕಥೆ. ನಮ್ಮ 1908ರ ಸಿವಿಲ್ ಪ್ರಕ್ರಿಯಾ ಸಂಹಿತೆಯ 9ನೇ ಆದೇಶದ 13ನೇ ನಿಯಮದಡಿ ಏಕಪಕ್ಷೀಯ ಡಿಕ್ರಿ ರದ್ದು ಮಾಡಿಸಬಹುದು. ಗಡುವು 30 ದಿನ. ಸಮನ್ಸು ಸರಿಯಾಗಿ ಜಾರಿಯಾಗಿರದಿದ್ದರೆ ಆ 30 ದಿನ ಶುರುವಾಗೋದು ಡಿಕ್ರಿಯ ದಿನದಿಂದಲ್ಲ, ನಿಮಗೆ ಗೊತ್ತಾದ ದಿನದಿಂದ. ಬೆಂಗಳೂರಿನ ಹಳೇ ವಿಳಾಸ ಬಿಟ್ಟು ಬಂದವರು ಇದನ್ನು ನೆನಪಿಟ್ಟುಕೊಳ್ಳಿ.

ಹಾಗಾಗಿ ವಿಷಯ ಗೊತ್ತಾದ ದಿನವೇ ತಾರೀಖು ಬರೆದಿಡಿ. ಸಾಲ ಕೊಟ್ಟವರಿಗೆ ಫೋನ್ ಮಾಡಿ ಕೂಗಾಡಿದರೆ ತೀರ್ಪು ಅಳಿಸಿಹೋಗಲ್ಲ. ಮೊದಲು ಕೋರ್ಟಿನ ಕಡತ ಕೇಳಿ. ಕಾಗದ ಕೊಟ್ಟೆ ಅಂತ ಪ್ರಮಾಣ ಮಾಡಿದವರು ಯಾವ ವಿಳಾಸ, ಯಾವ ದಿನ ಬರೆದಿದ್ದಾರೆ ನೋಡಿ. ಆ ದಿನ ನೀವು ಎಲ್ಲಿದ್ದಿರಿ ಅಂತ ಬಾಡಿಗೆ ಕರಾರು, ಕರೆಂಟ್ ಬಿಲ್ಲು ಹೇಳುತ್ತವೆ. ಗೆಳೆಯರ ಕೈ ಹಿಡಿದಿದ್ದೂ ಅವೇ. ವಕೀಲರ ಫೀಸಿಗೆ ಹೆದರೋರಿಗೆ ಇಲ್ಲಿ ಕಮ್ಯುನಿಟಿ ಲಾ ಕೇಂದ್ರಗಳ ಉಚಿತ ಸಲಹೆ ಇದೆ.

ಒಂದು ಮಾತು: ತೀರ್ಪು ರದ್ದಾದರೆ ಸಾಲ ಮನ್ನಾ ಆಯ್ತು ಅಂತಲ್ಲ. ವಿಚಾರಣೆ ಮತ್ತೆ ಶುರುವಾಗುತ್ತೆ, ಅಷ್ಟೇ. ಕೊಡಬೇಕಾದ್ದಿದ್ದರೆ ಕೊಡೋಣ. ಆದರೆ ನಮ್ಮ ಮಾತನ್ನೂ ಕೇಳಿದ ಮೇಲೆ ತಾನೇ? ಏನಂತೀರಿ?