ಗಾಳಿಯಿಲ್ಲದ ಕಡಲಿನಲ್ಲಿ

ಬಿ. ಎಂ. ಶ್ರೀಕಂಠಯ್ಯನವರ ‘ಇಂಗ್ಲಿಷ್ ಗೀತಗಳು’ ಕನ್ನಡಿಗರಿಗಿತ್ತ ಕಾಣಿಕೆಗಳಲ್ಲಿ ‘ಕರುಣಾಳು ಬಾ ಬೆಳಕೆ’ ಎಂಬ ಪ್ರಾರ್ಥನೆಯಷ್ಟು ಮನೆಮಾತಾದುದು ಇನ್ನೊಂದಿಲ್ಲವೆಂದು ತೋರುತ್ತದೆ. ಶಾಲೆಯ ಪ್ರಾರ್ಥನೆಯಲ್ಲಿ, ಸಂತಾಪಸಭೆಯಲ್ಲಿ, ಸಂಗೀತದ ವೇದಿಕೆಯಲ್ಲಿ ಅದನ್ನು ಕೇಳದವರು ವಿರಳ. ಆದರೆ ಕೇಳಿ ಕೇಳಿ ಕಿವಿಗೆ ಇಂಪಾದ ಮಾತು ಎಷ್ಟೋ ವೇಳೆ ಮನಸ್ಸಿಗೆ ಮುಟ್ಟದೆ ಹೋಗುತ್ತದೆ. ಕತ್ತಲೆಯನ್ನು ಕಳೆಯೆಂಬ ಮೊರೆಯೇ ಅದರ ತಿರುಳೆಂದು ನಾವು ಭಾವಿಸಿಬಿಟ್ಟಿದ್ದೇವೆ. ಮೂಲಕವಿಯ ಬಾಳನ್ನು ನೋಡಿದರೆ, ಆತ ಬೇಡಿದುದು ಅದಕ್ಕಿಂತ ಕಿರಿದು. ಆದುದರಿಂದಲೇ ಅದಕ್ಕಿಂತ ಕಠಿನ.

ಜಾನ್ ಹೆನ್ರಿ ನ್ಯೂಮನ್ 1833ರಲ್ಲಿ ಆಕ್ಸ್‌ಫರ್ಡಿನ ಪಾದ್ರಿ, ವಯಸ್ಸು 32. ಸಿಸಿಲಿಯಲ್ಲಿ ಸಂಚರಿಸುತ್ತಿದ್ದಾಗ ವಿಷಮಜ್ವರ ಹಿಡಿದು ಸಾವಿನ ಬಾಗಿಲವರೆಗೆ ಹೋಗಿ ಬಂದರು. ಚೇತರಿಸಿಕೊಳ್ಳುವಾಗ ಒಮ್ಮೆ ಹಾಸಿಗೆಯ ಮೇಲೆ ಕುಳಿತು ಬಿಕ್ಕಿ ಬಿಕ್ಕಿ ಅತ್ತರಂತೆ. ಏಕೆಂದು ಕೇಳಿದ ಸೇವಕನಿಗೆ, ಇಂಗ್ಲೆಂಡಿನಲ್ಲಿ ತಮಗೊಂದು ಕೆಲಸವಿದೆಯೆಂದಷ್ಟೇ ಹೇಳಬಲ್ಲವರಾದರು. ಊರಿಗೆ ಮರಳುವ ತವಕ, ಆದರೆ ಹಡಗಿಲ್ಲ. ಪಲೆರ್ಮೋ ಬಂದರಿನಲ್ಲಿ ಮೂರು ವಾರ ಕಾದು, ಕೊನೆಗೆ ಕಿತ್ತಳೆ ಹಣ್ಣು ಸಾಗಿಸುವ ಹಡಗೊಂದನ್ನು ಹಿಡಿದು ಮಾರ್ಸೆಲ್ಸಿಗೆ ಹೊರಟರು. ಕಾರ್ಸಿಕ ಮತ್ತು ಸಾರ್ಡೀನಿಯಗಳ ನಡುವಣ ಬೊನಿಫಾಸಿಯೊ ಜಲಸಂಧಿಯಲ್ಲಿ ಗಾಳಿ ಬಿದ್ದುಹೋಗಿ, ಹಡಗು ವಾರವೊಂದು ಅಲ್ಲಾಡದೆ ನಿಂತಿತು. ಆಗ, ಜೂನ್ 16ರಂದು, ಈ ಗೀತ ಹುಟ್ಟಿತು.

ಸಹೃದಯರು ಇಲ್ಲಿ ಒಂದಿಷ್ಟು ನಿಲ್ಲಬೇಕು. ಇದು ಬಿರುಗಾಳಿಯಲ್ಲಿ ಹುಟ್ಟಿದ ಪ್ರಾರ್ಥನೆಯಲ್ಲ. ಗಾಳಿಯೇ ಇಲ್ಲದಲ್ಲಿ ಹುಟ್ಟಿದುದು. ಬಿರುಗಾಳಿಯೊಡನೆ ಹೋರಾಡಬಹುದು. ಮಾಡಬೇಕಾದ ಕೆಲಸ ಮುಂದಿದ್ದು, ಮಾಡುವ ಮನಸ್ಸೂ ಇದ್ದು, ಹಾಯಿ ಮಾತ್ರ ಜೋತು ಬಿದ್ದಿರುವಾಗ ಯಾರೊಡನೆ ಹೋರಾಡುವುದು? ಓದು ಮುಗಿಸಿ ಕೆಲಸಕ್ಕಾಗಿ ಕಾದಿರುವ ತರುಣನೂ, ರೋಗಿಯ ಮಂಚದ ಬಳಿ ಇರುಳು ಕಳೆಯುವ ತಾಯಿಯೂ ಬಲ್ಲ ಕತ್ತಲೆ ಇದು.

ಗೀತಕ್ಕೆ ನ್ಯೂಮನ್ ಇತ್ತ ಹೆಸರುಗಳಲ್ಲೊಂದು ‘ಮೇಘಸ್ತಂಭ’ ಎಂಬರ್ಥದ್ದು. ಬೈಬಲಿನ ವಿಮೋಚನಕಾಂಡವನ್ನು ಓದಿದವರಿಗೆ ಇದರ ಇಂಗಿತ ತಿಳಿದೀತು. ಈಜಿಪ್ಟಿನ ದಾಸ್ಯದಿಂದ ಹೊರಟ ಇಸ್ರಾಯೇಲರ ಮುಂದೆ ದೇವರು ಹಗಲಿನಲ್ಲಿ ಮೋಡದ ಕಂಬವಾಗಿ, ಇರುಳಿನಲ್ಲಿ ಬೆಂಕಿಯ ಕಂಬವಾಗಿ ನಡೆದನು. ಅವರ ಕೈಗೆ ದಾರಿಯ ನಕ್ಷೆಯನ್ನು ಕೊಡಲಿಲ್ಲ. ಅನ್ನದ ವಿಷಯದಲ್ಲಿಯೂ ಹಾಗೆಯೇ: ಮನ್ನವನ್ನು ಅಂದಂದಿಗೆ ಆಯ್ದುಕೊಳ್ಳಬೇಕು, ಅಪ್ಪಣೆ ಮೀರಿ ನಾಳೆಗೆಂದು ಕೂಡಿಟ್ಟುದು ಹುಳು ಬಿದ್ದು ನಾರಿತು. ನಾಳೆಯ ಭರವಸೆಯನ್ನು ಇಂದೇ ಕಣಜದಲ್ಲಿ ತುಂಬಿಡಲಾಗದೆಂಬುದೇ ಆ ಕಥೆಯ ಪಾಠ. ನ್ಯೂಮನ್ ಬೇಡಿದುದೂ ಅಷ್ಟೇ—ಮುಂದಿನ ಅಡಿ ಇಡಲು ಸಾಕಾಗುವಷ್ಟು ಬೆಳಕು. ಹಿಂದೆ ತನ್ನ ದಾರಿಯನ್ನು ತಾನೇ ಕಂಡು, ತಾನೇ ಆರಿಸಿಕೊಳ್ಳುವ ಗರ್ವವಿತ್ತೆಂದು ಕವಿ ಎರಡನೆಯ ಪದ್ಯದಲ್ಲಿ ಒಪ್ಪಿಕೊಳ್ಳುತ್ತಾನೆ. ಹೊರಗಿನ ಕತ್ತಲೆಗಿಂತ ದಟ್ಟವಾದುದು ಆ ಗರ್ವವೆಂದು ಅವನ ಎಣಿಕೆ.

ಇಲ್ಲಿ ವಿಚಾರವಂತರು ಆಕ್ಷೇಪವೆತ್ತಬಹುದು. ತನ್ನ ಆಸೆಯನ್ನೇ ದೇವರ ಪ್ರೇರಣೆಯೆಂದು ಕರೆದುಕೊಳ್ಳುವುದು ಸುಲಭವಲ್ಲವೇ? ಬುದ್ಧಿಯನ್ನು ಮಲಗಿಸಿ ವಿಧಿಗೆ ತಲೆಬಾಗುವುದಕ್ಕೂ ಇದಕ್ಕೂ ಏನು ಭೇದ? ಪ್ರಶ್ನೆ ಯೋಗ್ಯವಾದುದೇ. ಉತ್ತರವನ್ನು ನ್ಯೂಮನ್ನರ ಮುಂದಿನ ಬಾಳೇ ಹೇಳುತ್ತದೆ. ಊರು ಸೇರಿದ ಅವರು ಕೈಕಟ್ಟಿ ಕೂರಲಿಲ್ಲ. ಆ ಜುಲೈ ತಿಂಗಳಲ್ಲೇ ಮೊದಲಾದ ಆಕ್ಸ್‌ಫರ್ಡ್ ಚಳವಳಿಯ ಮುಂದಾಳಾದರು. ಓದಿದರು, ಬರೆದರು, ವಾದಿಸಿದರು, ಶಂಕಿಸಿದರು. ಆ ವಿಚಾರವೇ ಅವರನ್ನು ತಾವೆಣಿಸದ ಕಡೆಗೆ ಒಯ್ದು, 1845ರಲ್ಲಿ ಅವರು ರೋಮನ್ ಕ್ಯಾಥೊಲಿಕ್ ಸಭೆಯನ್ನು ಸೇರಿದರು. ಸ್ನೇಹಿತರು ದೂರವಾದರು. ಪ್ರಾಣದಂತಿದ್ದ ಆಕ್ಸ್‌ಫರ್ಡನ್ನು 1846ರಲ್ಲಿ ಬಿಟ್ಟವರು ಮತ್ತೆ ಅದರೊಳಗೆ ಕಾಲಿಟ್ಟದ್ದು 32 ವರ್ಷಗಳ ಮೇಲೆ. ಬರಿಯ ಆಸೆ ನಮ್ಮನ್ನು ನಾವು ಒಲಿದ ಕಡೆಗೆ ಒಯ್ಯುತ್ತದೆ. ಒಲ್ಲದ ಕಡೆಗೂ ಬೆಲೆ ತೆತ್ತು ನಡೆಯುವಂತೆ ಮಾಡುವುದು ಬೇರೊಂದು ಶಕ್ತಿ. ವಿಧಿವಾದಿ ಕುಳಿತುಕೊಳ್ಳುತ್ತಾನೆ, ವಿಶ್ವಾಸಿ, ತುದಿ ಕಾಣದಿದ್ದರೂ, ಕಂಡಷ್ಟು ದೂರ ನಡೆಯುತ್ತಾನೆ. ನ್ಯೂಮನ್ 1879ರಲ್ಲಿ ಕಾರ್ಡಿನಲ್ ಆದುದೂ, 2019ರಲ್ಲಿ ಅವರನ್ನು ಸಂತರೆಂದು ಸಾರಿದುದೂ ನಿಜ. ಆದರೆ ಕಡಲಿನಲ್ಲಿ ನಿಂತ ಆ ತರುಣನಿಗೆ ಇದಾವುದೂ ಕಂಡಿರಲಿಲ್ಲ. ಕಾಣಲೆಂದು ಅವನು ಬೇಡಲೂ ಇಲ್ಲ.

ಇನ್ನೊಂದು ಸಂಗತಿ. ಮೂಲದ ಮೂರು ಪದ್ಯಗಳಲ್ಲಿ ದೇವರ ಹೆಸರಿಲ್ಲ, ಕ್ರಿಸ್ತನ ಹೆಸರಿಲ್ಲ. ಇರುವುದು ‘ಬೆಳಕು’ ಮಾತ್ರ. ಬರೆದವನ ನೆಲೆ ಅಪ್ಪಟ ಕ್ರೈಸ್ತವಾದರೂ ಹಾಡು ಎಲ್ಲರದಾದುದು ಇದರಿಂದಲೇ ಇರಬೇಕು. 1908ರಲ್ಲಿ ಜೊಹಾನ್ಸ್‌ಬರ್ಗಿನಲ್ಲಿ ಹೊಡೆತ ತಿಂದು ಪಾದ್ರಿ ಜೋಸೆಫ್ ಡೋಕ್ ಅವರ ಮನೆಯಲ್ಲಿ ಮಲಗಿದ್ದ ಗಾಂಧೀಜಿ, ಆ ಮನೆಯ ಮಗಳಿಂದ ಹಾಡಿಸಿಕೊಂಡದ್ದು ಇದನ್ನೇ. ಹೊಡೆದವರ ಮೇಲೆ ಮೊಕದ್ದಮೆ ಹೂಡಬಾರದೆಂದೂ ಆಗಲೇ ಕೇಳಿಕೊಂಡಿದ್ದರು. ಅದು ಅಂದಿನ ಹೆಜ್ಜೆ.

ನಮ್ಮ ವಿದ್ಯಾರ್ಥಿಗಳು ಈ ಗೀತವನ್ನು ಹಾಡಲಿ. ಆದರೆ ಇದು ಪರೀಕ್ಷೆಯ ಫಲವನ್ನೋ ನಾಳೆಯ ಸೌಖ್ಯವನ್ನೋ ಬೇಡುವ ಹಾಡಲ್ಲವೆಂದು ಅವರಿಗೆ ಹೇಳುವ ಹೊಣೆ ಅಧ್ಯಾಪಕರದು. ಕತ್ತಲೆ ಇದ್ದಂತೆಯೇ ಇರಬಹುದು. ಇಂದು ಮಾಡಬೇಕಾದ ಒಂದು ಒಳ್ಳೆಯ ಕೆಲಸ ಕಣ್ಣಿಗೆ ಬಿದ್ದರೆ ಪ್ರಾರ್ಥನೆ ಸಂದಿತು. ಅದನ್ನು ಮಾಡುವುದು ನಮ್ಮ ಪಾಲಿಗೆ ಉಳಿದದ್ದು.